ನಮ್ಮವರ ಬೆನ್ನ ಮೇಲೊಂದು ಪಿತ್ತಜನಕಾಂಗ

ಮನುಷ್ಯನ ದೇಹವನ್ನು ಕಲಿಯಲು ಎಷ್ಟು ಹೊತ್ತು ಬೇಕು? ನನ್ನ ಅಂದಾಜಿನಲ್ಲಿ ಒಂದು ಮಧ್ಯಾಹ್ನ. ದೇಹ ಹುಟ್ಟಿದಾಗಿನಿಂದ ಜೊತೆಗೇ ಇದೆ, ಹೊಸದಾಗಿ ಕಲಿಯಬೇಕಾದದ್ದು ಹೆಸರುಗಳನ್ನು ಮಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು.

ಅತ್ತೆ ಹಾಸಿಗೆ ಹಿಡಿದಾಗ ಮಗ್ಗುಲು ತಿರುಗಿಸಿದ್ದು, ಗಂಜಿ ಕುಡಿಸಿದ್ದು, ಮೈ ಒರೆಸಿದ್ದು ನಾನೇ. ಅದನ್ನು ಯಾರೂ ಕೆಲಸ ಎನ್ನಲಿಲ್ಲ. ಅದೇ ಕೆಲಸಕ್ಕೆ ಸರ್ಟಿಫಿಕೇಟ್ ಇದ್ದರೆ ಆಸ್ಪತ್ರೆಯಲ್ಲಿ ಸಂಬಳ ಕೊಡುತ್ತಾರೆಂದು ತಿಳಿದು, ಅತ್ತೆ ತೀರಿಕೊಂಡ ಮೇಲೆ ಕುಂದಾಪುರದಲ್ಲಿ ರೋಗಿಗಳ ಆರೈಕೆಯ ಒಂದು ತರಬೇತಿಗೆ ಸೇರಿದೆ. ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂತು ಅಸ್ಥಿವ್ಯೂಹ, ರಕ್ತಪರಿಚಲನೆ, ಜೀರ್ಣಾಂಗವ್ಯೂಹ! ಮೌಖಿಕ ಪರೀಕ್ಷೆ ಪಾಸಾದರೆ ವಾರ್ಡಿನ ಕೆಲಸ. ಇಲ್ಲವಾದರೆ ಬೀಜಾಡಿಯ ಮನೆಯೇ ವಾರ್ಡು, ಸಂಬಳವಿಲ್ಲದ್ದು.

ಪರೀಕ್ಷೆ ಇದ್ದದ್ದು ಬೆಳಿಗ್ಗೆ. ಹಿಂದಿನ ಸಂಜೆ ದೇವಸ್ಥಾನದಲ್ಲಿ ರಂಗಪೂಜೆ. ನಾನು ಪಾಸಾಗಲೆಂದು ನಮ್ಮವರೇ ಹೇಳಿಕೊಂಡ ಹರಕೆ. ಪಾಠ ಮಾಡುವ ಮೇಡಂ ಅವರನ್ನೂ ಕರೆದಿದ್ದೆ. ಪ್ರಸಾದವು ಅಂಕಗಳ ಮೇಲೆ ಪ್ರಭಾವ ಬೀರಿದರೆ ಬೇಡ ಎನ್ನುವುದಾದರೂ ಹೇಗೆ?

ಪೂಜೆಗೆ ಮುಂಚಿನ ಆ ಮಧ್ಯಾಹ್ನವನ್ನು ನೆನಪು ಒಂದೊಂದು ಸಲ ಒಂದೊಂದು ಥರ ಕೊಡುತ್ತದೆ. ಒಮ್ಮೆ ಕಿಟಕಿಯಲ್ಲಿ ಮಳೆ ಇಡುತ್ತದೆ, ಇನ್ನೊಮ್ಮೆ ಬಿಸಿಲು. ನಾನು ಎರಡನ್ನೂ ನಂಬುವುದಿಲ್ಲ. ಕಡಲಿನ ಸದ್ದಿತ್ತು. ಆದರೆ ಬೀಜಾಡಿಯಲ್ಲಿ ಅದು ಇಲ್ಲದ ದಿನವೇ ಇಲ್ಲ, ಸಾಕ್ಷಿಗೆ ಬರುವುದಿಲ್ಲ. ಬೆನ್ನು ಮಾತ್ರ ಖಂಡಿತ ಇತ್ತು. ಪೂಜೆಯ ದಿನವೆಂದು ಮೀನಿಲ್ಲದ ಊಟ ಮಾಡಿದ ದುಃಖಕ್ಕೆ ನಮ್ಮವರು ಅಂಗಿ ಕಳಚಿ ಚಾಪೆಯ ಮೇಲೆ ಕವುಚಿ ಮಲಗಿದ್ದರು. ಅಗಲವಾದ, ನುಣ್ಣಗಿನ, ನಿಧಾನವಾಗಿ ಏರಿ ಇಳಿಯುವ ಬೆನ್ನು.

ಓದಿದ್ದು ತಲೆಯಲ್ಲಿ ನಿಲ್ಲದು, ಬರೆದದ್ದು ನಿಲ್ಲುತ್ತದೆ. ಅವರ ಕೆಂಪು, ನೀಲಿ ಮಾರ್ಕರ್ ಪೆನ್ನುಗಳು ಕೈಗೆ ಸಿಕ್ಕವು. ಪುಸ್ತಕದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಆ ಬೆನ್ನ ಮೇಲೆ ಹೃದಯದಿಂದ ಶುರು ಮಾಡಿದೆ.

ರಕ್ತನಾಳಗಳು ಎಳೆದಂತೆ ಕವಲೊಡೆದು ಹೊಳೆಗಳಾದವು. ಗಂಗೊಳ್ಳಿಯ ಅಳಿವೆಯಲ್ಲಿ ಹೊಳೆಗಳೆಲ್ಲ ಕೂಡುವಂತೆ ಹೃದಯದಲ್ಲಿ ಬಂದು ಕೂಡಿದವು. ಅವರು ಉಸಿರೆಳೆದಾಗ ಭರತ, ಬಿಟ್ಟಾಗ ಇಳಿತ. ಆ ನೀರಿನಲ್ಲಿ ಸಣ್ಣ ದೋಣಿಯೊಂದರಲ್ಲಿ ನಾನೇ ಹೋಗುತ್ತಿದ್ದೆ. ಶ್ವಾಸಕೋಶದ ದಡದಲ್ಲಿ ಗಾಳಿ ತುಂಬಿಕೊಂಡು, ಪಿತ್ತಜನಕಾಂಗವೆಂಬ ಕಂದು ದಿಬ್ಬವನ್ನು ಬಳಸಿ, ಕರುಳಿನ ತಿರುವುಗಳಲ್ಲಿ ಹುಟ್ಟು ಹಾಕುತ್ತ... ವಿದ್ಯೆಯೋ ನಿದ್ದೆಯೋ ತಿಳಿಯಲಿಲ್ಲ. ಎಚ್ಚರವಾದಾಗ ಪೆನ್ನು ಸಣ್ಣ ಕರುಳಿನ ತುದಿಯಲ್ಲಿತ್ತು.

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ತೆಂಗಿನೆಣ್ಣೆ ಹಾಕಿ ತಿಕ್ಕಿದೆ. ಇನ್ನೂ ಹೊಳೆಯಿತು! ಆಗ ನೆನಪಾಯಿತು: ನಮ್ಮವರದು ಮೀನಿನ ವ್ಯಾಪಾರ. ಅದು ಅವರು ಥರ್ಮಾಕೋಲ್ ಪೆಟ್ಟಿಗೆಗಳ ಮೇಲೆ ಗುರುತು ಹಾಕುವ ಪೆನ್ನು. ಮಂಜುಗಡ್ಡೆಯ ನೀರಿನಲ್ಲಿ ಮಂಗಳೂರಿನವರೆಗೆ ಹೋದರೂ ಅಳಿಸದ ಪೆನ್ನು!

"ಎಂತ ಮಾಡ್ತಿದ್ಯೆ?" ಎಂದರು ಕಣ್ಣು ಬಿಡದೆ.

"ಬೆನ್ನಿಗ್ ಎಣ್ಣಿ ತಿಕ್ತಾ ಇದ್ದೆ."

"ಮದ್ವಿ ಆದ್ ಮೇಲ್ ಇದೇ ಸುರು ಅಲ್ದಾ? ತಿಕ್ಕ್, ತಿಕ್ಕ್."

ಅಂಥ ಸುಖದ ಮುಖಕ್ಕೆ ಸತ್ಯ ಹೇಳುವುದು ಹೇಗೆ? ಸ್ನಾನಕ್ಕೆ ಹೋಗಿ ಬಂದರು. ಹೊಳೆಗಳು ತೊಳೆದಂತಾಗಿ ಇನ್ನಷ್ಟು ಸ್ಪಷ್ಟವಾಗಿದ್ದವು. ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ.

"ಶಾಲ್ ಹೊದ್ಕಣಿ. ಥಂಡಿ ಇತ್ತ್."

"ಈ ಸೆಕಿಗಾ? ನಿಂಗೆ ಪರೀಕ್ಷಿ ಜ್ವರ ಬಂದಿತ್ತಾ ಹ್ಯಾಂಗೆ?"

ಹಾಗೆಂದರೂ ಹೊದ್ದರು. ದೇವಸ್ಥಾನದಲ್ಲಿ ಗಂಡಸರೆಲ್ಲ ಅಂಗಿ ತೆಗೆದರು. ನಮ್ಮವರೂ ತೆಗೆದು, ಮೇಲೆ ಶಾಲು ಹೊದ್ದು, ಹರಕೆಯವರಾದ್ದರಿಂದ ಎಲ್ಲರ ಮುಂದೆ ನಿಂತರು. ಹೆಂಗಸರ ಸಾಲಿನಲ್ಲಿ ಮೇಡಂ ಪಕ್ಕ ನಾನು. ದೀಪಗಳು ತೇಲುತ್ತಿದ್ದವು. ನಾನು ಗೆದ್ದಿದ್ದೆ.

ಮಂಗಳಾರತಿಯ ಗಂಟೆ ಹೊಡೆಯಿತು. ನಮ್ಮವರು ಭಕ್ತಿಯಿಂದ ಶಾಲು ತೆಗೆದು ಸೊಂಟಕ್ಕೆ ಕಟ್ಟಿದರು.

ಆರತಿಯ ಹೊತ್ತಿಗೆ ಶಾಲು ಹೆಗಲ ಮೇಲೆ ಇರಬಾರದು, ಸೊಂಟದಲ್ಲಿರಬೇಕು. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು!

"ಹ್ವಾಯ್, ನಿಮ್ ಬೆನ್ನಂಗ್ ಎಂತ ಮರಾಯ್ರೆ? ಹೊಳಿ ಹರಿತಿತ್ತಲೆ!" ಎಂದರು ಹಿಂದೆ ನಿಂತವರೊಬ್ಬರು.

"ನನ್ ಬೆನ್ನಂಗಾ?" ನಮ್ಮವರು ಬೆನ್ನು ನೋಡಲು ತಿರುಗಿದರು. ಬೆನ್ನೂ ತಿರುಗಿತು. ಇನ್ನೊಂದು ಸುತ್ತು ತಿರುಗಿದರು.

"ಪ್ರದಕ್ಷಿಣಿ ಮತ್ ಹಾಕ್ಲಕ್, ಈಗ್ ಸಮಾ ನಿಲ್ಲಿ!" ಎಂದರು ಆರತಿ ಹಿಡಿದಿದ್ದ ಭಟ್ಟರು.

ಎಲ್ಲರೂ ನಕ್ಕರು ಎಂದು ನೆನಪು ಇಲ್ಲಿ ಚಂದ ಮಾಡಿ ಹೇಳುತ್ತದೆ. ಸುಳ್ಳು. ಮೊದಲು ಯಾರೂ ನಗಲಿಲ್ಲ, ಅದೇ ಕಷ್ಟವಾದದ್ದು. ನಮ್ಮವರು ಹೆಂಗಸರ ಸಾಲಿನ ಕಡೆಗೆ ಕೂಗಿದರು: "ಹ್ವಾಯ್! ಮಧ್ಯಾಹ್ನ ನೀ ತಿಕ್ಕದ್ದ್ ಎಣ್ಣಿಯೇ ಅಲ್ದಾ?"

ನಗು ಬಂದದ್ದು ಆಗ. ಮೇಡಂ ಮಾತ್ರ ನಗದೆ ಬೆನ್ನನ್ನೇ ನೋಡುತ್ತಿದ್ದರು.

"ಚಿತ್ರ ಚಂದ ಇತ್ತ್. ಆದ್ರೆ ಲಿವರ್ ಎಡಬದಿಗ್ ಹೋಯ್ತಲೆ! ಎದಿ ಬದಿ ಚಿತ್ರ ಕಂಡ್ ಬೆನ್ನಿಗ್ ಇಳ್ಸಿದ್ರಾ?"

ಹೌದು. ಮುಂದಿನಿಂದ ಕಾಣುವ ಚಿತ್ರವನ್ನು ಹಿಂದೆ ಇಳಿಸಿದ್ದೆ. ಲಿವರ್, ಅಂದರೆ ಬಲಗಡೆಯ ಪಿತ್ತಜನಕಾಂಗ, ಎಡಕ್ಕೆ. ಎಡಕ್ಕೆ ವಾಲಬೇಕಾದ ಹೃದಯ ಬಲಕ್ಕೆ. ಇಡೀ ಗಂಡನನ್ನೇ ಅದಲುಬದಲು ಮಾಡಿದ್ದೆ!

ಮರುದಿನ ಬಸ್ಸಿನುದ್ದಕ್ಕೂ ಜಪ ಮಾಡಿದೆ: ಲಿವರ್ ಬಲಕ್ಕೆ, ಹೃದಯ ಎಡಕ್ಕೆ.

"ಲಿವರ್?" ಎಂದರು ಮೇಡಂ.

"ಬಲಬದಿ!"

"ಹೃದಯ?"

"ಎಡಕ್ಕೆ!"

ಅವರ ಮುಖ ಅರಳಿತು. ನನಗೆ ವಾರ್ಡು ಕಾಣಿಸಿತು. ಬಿಳಿ ಮಂಚಗಳ ನಡುವೆ ಬಿಳಿ ಉಡುಪಿನಲ್ಲಿ ನಾನು ಸದ್ದಿಲ್ಲದೆ ತೇಲಿಹೋಗುತ್ತಿದ್ದೆ.

"ಕಡೀ ಪ್ರಶ್ನಿ. ನಿನ್ನೆ ನೀವ್ ಚಿತ್ರ ಬರ್ದ ಜಾಗ, ಬೆನ್ನಿನ ನಟ್ಟ ನಡುವಿಗೆ. ಅಲ್ಲ್ ಚರ್ಮದ ಅಡಿಗೆ ಎಂತ ಇತ್ತ್?"

ಕಣ್ಣು ಮುಚ್ಚಿದೆ. ಬೆನ್ನು ಕಂಡಿತು, ಅಳಿವೆ ಕಂಡಿತು, ದೋಣಿಯೂ ಕಂಡಿತು. ಮತ್ತೇನೂ ಕಾಣಲಿಲ್ಲ.

"ಎಂತದೂ ಇಲ್ಲ ಮೇಡಂ. ಖಾಲಿ ಇತ್ತ್. ಅದ್ಕೇ ಅಲ್ಲ್ ಬರ್ದದ್."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೆನ್ನೆಲುಬು?" ಎಂದರು, ಬಹಳ ಮೆಲ್ಲಗೆ.

ಮೊದಲ ಪಾಠ. ಮೊದಲ ಚಿತ್ರ!

ಮರುಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮವರು ಈಗ ಮಧ್ಯಾಹ್ನ ಅಂಗಿ ಹಾಕಿಕೊಂಡೇ, ಅಂಗಾತ ಮಲಗುತ್ತಾರೆ. ನಾನು ಪುಸ್ತಕ ಹಿಡಿದು ಗೋಡೆಗೊರಗಿ ಕೂರುತ್ತೇನೆ. ನನ್ನ ಬೆನ್ನೆಲುಬಿನ ಮಣಿಗಳು ಒಂದೊಂದಾಗಿ ತಣ್ಣನೆಯ ಗೋಡೆಗೆ ತಾಗುತ್ತವೆ. ಇಷ್ಟು ವರ್ಷ ಇದು ಎಲ್ಲಿತ್ತೋ ನಾ ಕಾಣೆ!