ಇರುಳ ಹಕ್ಕಿ ಹಿಡಿದ ಬಕೆಟ್ಟು

ಹವ್ಯಾಸ ಇಟ್ಟುಕೊಂಡವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದುಡಿದು ಬಂದು, ಉಂಡು ಮಲಗುವುದನ್ನು ಬಿಟ್ಟು ಇವರಿಗೆ ಇದೆಲ್ಲ ಯಾಕೆ ಬೇಕು? ಶಿವಾಜಿನಗರದ ನಮ್ಮ ಕಚೇರಿಯಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಡುವವನೊಬ್ಬನಿದ್ದ. ಯಾರಾದರೂ ಸಿಗರೇಟು ಹಚ್ಚಲು ಪೊಟ್ಟಣ ತೆಗೆದರೆ ಸಾಕು, 'ಮೊದ್ಲು ಚಿತ್ರ ತೋರ್ಸಿ ಸಾರ್' ಎಂದು ಓಡಿಬರುತ್ತಿದ್ದ. ಹುಚ್ಚರಲ್ಲೆಲ್ಲ ಅವನೇ ದೊಡ್ಡವನು ಎಂದು ನಂಬಿದ್ದೆ. ನನ್ನ ಹೆಂಡತಿಯ ತಮ್ಮ ರಘು ಆ ನಂಬಿಕೆಯನ್ನು ಸುಳ್ಳು ಮಾಡಿದ. ಬೆಂಕಿಪೊಟ್ಟಣ ಕಣ್ಣಿಗಾದರೂ ಕಾಣುತ್ತದೆ. ರಘು ಕೂಡಿಡುತ್ತಿದ್ದುದು ಕತ್ತಲಲ್ಲಿ, ಯಾರಿಗೂ ಕಾಣದಷ್ಟು ಎತ್ತರದಲ್ಲಿ ಹಾರಿಹೋಗುವ ಹಕ್ಕಿಗಳ ಸದ್ದನ್ನು.

ಚಳಿಗಾಲ ಹತ್ತಿರವಾದಂತೆ ಉತ್ತರದ ಹಕ್ಕಿಗಳು ದಕ್ಷಿಣಕ್ಕೆ ಬರುತ್ತವಂತೆ, ಬಹಳಷ್ಟು ರಾತ್ರಿ ಹೊತ್ತೇ ಹಾರುತ್ತವಂತೆ, ಹಾರುತ್ತಾ ಒಂದನ್ನೊಂದು ಕೂಗಿ ಕರೆಯುತ್ತವಂತೆ. ಆ ಕೂಗು ಹಿಡಿದರೆ ಯಾವ ಹಕ್ಕಿ ಯಾವಾಗ ಬಂತೆಂದು ತಿಳಿಯುತ್ತದಂತೆ. ತಿಳಿದು ಏನು ಮಾಡುತ್ತೀಯ ಎಂದು ಕೇಳಿದೆ. 'ತಿಳ್ಕೊಳ್ಳೋದು ಭಾವ' ಎಂದ. ಇಂಥವನ ಜೊತೆ ಏನು ವಾದ ಮಾಡುವುದು? ಹಲಸೂರು ಕೆರೆಗೆ ಹತ್ತಿರ ಎಂಬ ಕಾರಣಕ್ಕೆ ಅವನ ಕಣ್ಣು ನಮ್ಮ ತಾರಸಿಯ ಮೇಲೆ ಬಿತ್ತು. ಶನಿವಾರ ಸಂಜೆಯಾದರೆ ಟೇಪ್ ರೆಕಾರ್ಡರು, ಮೈಕು ಹೊತ್ತು ಹಾಜರಾಗುತ್ತಿದ್ದ. ಮೈಕನ್ನು ನಮ್ಮ ಮನೆಯ ಒಳ್ಳೆಯ ನೀಲಿ ಬಕೆಟ್ಟಿನ ತಳದಲ್ಲಿ ಆಕಾಶಕ್ಕೆ ಮುಖ ಮಾಡಿ ಕೂರಿಸುತ್ತಿದ್ದ. ಬಕೆಟ್ಟಿನ ಗೋಡೆ ಬೀದಿಯ ಆಟೋ, ನಾಯಿಗಳ ಗಲಾಟೆಯನ್ನು ತಡೆಯುತ್ತದೆ, ಮೇಲಿನ ಸದ್ದು ಮಾತ್ರ ಒಳಗೆ ಬೀಳುತ್ತದೆ ಎಂಬುದು ಅವನ ಶಾಸ್ತ್ರ. ನಡುರಾತ್ರಿ ಅಲಾರಂ ಇಟ್ಟು ಎದ್ದು, ಗುಂಡಿ ಒತ್ತಿ, ಮತ್ತೆ ಮಲಗಿಬಿಡುತ್ತಿದ್ದ. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದರೆ ತಿರುಗಿಸಿ ಹಾಕಲು ಯಾರೂ ಇಲ್ಲವಲ್ಲ ಎಂಬುದೇ ಅವನ ಕೊರಗು. 'ಭಾವ, ನೀವೊಂದ್ಸಲ ಎದ್ದು ತಿರುಗ್ಸಿ ಹಾಕ್ತೀರಾ?' ಎಂದು ನನ್ನನ್ನೇ ಕೇಳಿದ. ಕಾಣದ ಹಕ್ಕಿಗಾಗಿ ನಿದ್ದೆಗೆಟ್ಟು ಕ್ಯಾಸೆಟ್ಟು ತಿರುಗಿಸುವ ಮುಠ್ಠಾಳ ಈ ಹಲಸೂರಿನಲ್ಲಿ ಇನ್ನೂ ಹುಟ್ಟಿಲ್ಲ ಎಂದೆ.

ನನ್ನ ಸಿಟ್ಟು ಬಕೆಟ್ಟಿನ ಬಗ್ಗೆಯೂ ಇತ್ತು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ಸರಿರಾತ್ರಿಯಲ್ಲಿ, ದಾರದಷ್ಟು ಸಣ್ಣಗೆ ಬರುತ್ತಿತ್ತು. ಬೀದಿಯವರೆಲ್ಲ ಕೊಡ ಹಿಡಿದು ಜಗಳವಾಡುವಾಗ ನಮ್ಮ ಹಜಾರದ ನೆಲದಡಿಯ ಸಂಪು ಮಾತ್ರ ಯಾವಾಗಲೂ ತುಂಬಿರುತ್ತಿತ್ತು. ಅದಕ್ಕೆ ನನ್ನ ಶಿಸ್ತೇ ಕಾರಣ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸುವ ನನ್ನ ವಿಧಾನವನ್ನು ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿದ್ದೆ. ಪಕ್ಕದ ಮನೆಯ ಸೆಲ್ವಿಯಮ್ಮ ಖಾಲಿ ಕೊಡ ಹಿಡಿದು ನಿಂತಾಗಲೂ ಬಿಡಲಿಲ್ಲ. ತಲೆಗೆ ಎಷ್ಟು ಚೊಂಬು, ಬೆನ್ನಿಗೆ ಎಷ್ಟು ಚೊಂಬು ಎಂದು ಪಾಠ ಮಾಡಿದೆ. 'ಸರಿ ಸಾರ್, ಮೊದ್ಲು ನೀರ್ ಬರ್ಲಿ ಸಾರ್' ಎಂದು ಆಕೆ ಹೊರಟುಹೋದರು. ಯಾರೋ ಬೀದಿಯ ಪೈಪಿಗೇ ಮೋಟಾರು ಹಾಕಿ ನೀರು ಎಳೆಯುತ್ತಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರು ಎಂಬುದು ನನಗೆ ಗೊತ್ತಿತ್ತು. ಎದುರುಮನೆಯ ಪಾಪಣ್ಣ! ಅವರ ಹಿರಿಯರು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಕೋಣೆಗಳನ್ನು ಬೆಳೆದಿರುವ ಮನುಷ್ಯ. ಅಷ್ಟು ಜನ ಬಾಡಿಗೆದಾರರಿಗೆ ನೀರು ಇನ್ನೆಲ್ಲಿಂದ ಬರಬೇಕು?

ಒಂದು ಭಾನುವಾರ ಬೆಳಿಗ್ಗೆ ರಘು ಮುಖ ಊದಿಸಿಕೊಂಡು ಕೂತಿದ್ದ. 'ಗುಂಯ್ ಅಂತ ಸದ್ದು ಭಾವ. ಯಾರ್ದೋ ಮೋಟಾರು. ಟೇಪೆಲ್ಲಾ ಕೆಟ್ಟೋಯ್ತು' ಎಂದ. ನನ್ನ ಕಿವಿ ನೆಟ್ಟಗಾಯಿತು. ಹಕ್ಕಿಯ ಹುಚ್ಚಿನಿಂದಲೂ ಲೋಕಕ್ಕೆ ಉಪಯೋಗವಿದೆ ಎಂದು ಅಂದು ಮೊದಲ ಬಾರಿಗೆ ಒಪ್ಪಿಕೊಂಡೆ. ಮುಂದಿನ ಭಾನುವಾರವೇ ಬೀದಿಯವರನ್ನೆಲ್ಲ, ಪಾಪಣ್ಣನವರನ್ನು ವಿಶೇಷವಾಗಿ, ನಮ್ಮ ಹಜಾರಕ್ಕೆ ಕರೆದೆ. ಕಳ್ಳನನ್ನು ಅವನ ಸದ್ದಿನಿಂದಲೇ ಹಿಡಿಯುತ್ತೇನೆ ಎಂದು ಹೆಂಡತಿ ಸರೋಜಳಿಗೆ ಹೇಳಿದರೆ ಅವಳು, 'ಬೇಡ ರೀ, ಊರ ಉಸಾಬರಿ ನಮಗ್ಯಾಕೆ' ಎಂದಳು. ನ್ಯಾಯಕ್ಕಾಗಿ ಎದ್ದು ನಿಲ್ಲುವ ಧೈರ್ಯ ಎಲ್ಲರಿಗೂ ಬರುವುದಿಲ್ಲ ಎಂದು ಅವಳಿಗೂ ಒಂದು ಭಾಷಣ ಬಿಗಿದೆ.

ಟೇಪು ಶುರುವಾಯಿತು. ಸ್ವಲ್ಪ ಹೊತ್ತು ಬರೀ ಸುಂಯ್. ಆಮೇಲೆ ಎಲ್ಲೋ ದೂರದಲ್ಲಿ 'ಚಿಸಿಕ್'. ರಘು ತಕ್ಷಣ ಟೇಪು ನಿಲ್ಲಿಸಿ 'ಕುಂಡೆಕುಸ್ಕ!' ಎಂದ, ದೇವರ ಹೆಸರು ಹೇಳುವಷ್ಟು ಭಕ್ತಿಯಿಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. 'ಬಾಲ ಕುಣಿಸೋ ಪುಟ್ಟ ಹಕ್ಕಿ, ಹಿಮಾಲಯದ ಕಡೆಯಿಂದ ಬಂದಿದೆ' ಎಂದು ಅವನು ವಿವರಿಸಿದಾಗ ಸೆಲ್ವಿಯಮ್ಮ ಮರುಗಿ, 'ಅಯ್ಯೋ ಪಾಪ, ಅಷ್ಟು ದೂರ ಬಂದು ನಮ್ಮ ಬೀದೀಲಿ ಕುಡಿಯಕ್ಕೆ ನೀರೂ ಇಲ್ಲ' ಎಂದರು. ಟೇಪು ಮುಂದೆ ಓಡಿತು. ಆಗ ಬಂತು ಗುಂಯ್ ಸದ್ದು, ಹಜಾರ ಅದುರುವಷ್ಟು ಜೋರಾಗಿ. 'ಈ ಸದ್ದು ಬಂದ್ರೆ ನಮ್ಮ ನಲ್ಲಿ ನಿಂತ್ಹೋಗತ್ತೆ ಸಾರ್!' ಎಂದು ಸೆಲ್ವಿಯಮ್ಮ ಕೂಗಿದರು. ನಾನು ಎದ್ದು ನಿಂತು, ಪಾಪಣ್ಣನವರನ್ನೇ ದುರುಗುಟ್ಟಿ ನೋಡುತ್ತಾ, 'ಇದು ಎದುರುಮನೆಯಿಂದ ಬಂದ ಸದ್ದು ಅಂತ ಎಲ್ಲರಿಗೂ ಹೇಳಪ್ಪ ರಘು' ಎಂದೆ.

'ಇಲ್ಲ ಭಾವ' ಎಂದ ಆ ಸತ್ಯಸಂಧ. 'ಎದುರುಮನೆ ಸದ್ದು ಬಕೆಟ್ ಒಳಗೆ ಇಷ್ಟು ಜೋರಾಗಿ ಬೀಳಲ್ಲ. ಒಂದೋ ಮೇಲಿಂದ ಬಂದಿರ್ಬೇಕು, ಇಲ್ಲ ಬಕೆಟ್ ಇಟ್ಟಿರೋ ತಾರಸಿ ನೆಲದ ಕೆಳಗಿಂದ ಬಂದಿರ್ಬೇಕು. ಮೇಲಂತೂ ಯಾರೂ ಮೋಟಾರ್ ಹಾಕಿಲ್ಲ.'

ಎಲ್ಲರೂ ನಮ್ಮ ನೆಲ ನೋಡಿದರು. ನಾನು ಸರೋಜಳನ್ನು ನೋಡಿದೆ. ಅವಳು 'ಕಾಫಿ ತರ್ತೀನಿ' ಎಂದು ಒಳಗೆ ಹೋದವಳು ಬರಲೇ ಇಲ್ಲ. ಪಾಪಣ್ಣ ಲುಂಗಿ ಕೊಡವಿಕೊಂಡು ಎದ್ದರು. 'ಬೇರೆ ಹಕ್ಕಿ ವಿಷ್ಯ ನಂಗೊತ್ತಿಲ್ಲ ಸಾರ್. ಇದು ಮಾತ್ರ ವಲಸೆ ಬಂದಿದ್ದಲ್ಲ, ನಿಮ್ ಮನೇಲೇ ಗೂಡು ಕಟ್ಕೊಂಡೈತೆ.' ಹಜಾರಕ್ಕೆ ಹಜಾರವೇ ನಕ್ಕಿತು. ನಾಚಿಕೆಯಿಂದ ಅಲ್ಲೇ ಭೂಮಿಗೆ ಇಳಿದುಹೋಗೋಣ ಎನಿಸಿತು. ಇಳಿದರೆ ಕೆಳಗಿದ್ದದ್ದು ಅದೇ ತುಂಬಿದ ಸಂಪು.

ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ನುಗ್ಗಿ ಕೂಗಾಡಿದೆ. ಸರೋಜ ತಣ್ಣಗೆ ಹೇಳಿದಳು: 'ನಿಮ್ಮ ಅರ್ಧ ಬಕೆಟ್ ಸ್ನಾನ ಊರಿಗೆಲ್ಲಾ ಗೊತ್ತು. ಆ ಅರ್ಧ ಬಕೆಟ್ ಎಲ್ಲಿಂದ ಬರತ್ತೆ ಅಂತ ಒಂದಿನಾನಾದ್ರೂ ಕೇಳಿದ್ರಾ? ರಾತ್ರಿ ಎದ್ದು ಮೋಟಾರ್ ಹಾಕಿ ಒದ್ದಾಡಿದ್ದು ನಾನು, ಗೊರಕೆ ಹೊಡೆದಿದ್ದು ನೀವು.' ಪೈಪಿಗೆ ಹಾಕಿದ್ದ ಮೋಟಾರನ್ನು ಮಾರನೆಯ ದಿನವೇ ಬಿಚ್ಚಿಸಿದೆ. 'ಸಂತೋಷ. ಇನ್ಮೇಲೆ ನೀರು ಹಿಡಿಯೋ ಕೆಲ್ಸ ನಿಮ್ದು' ಎಂದಳು.

ಹಾಗೆ ನೀರಿನ ರಾತ್ರಿಗಳಲ್ಲಿ ನಲ್ಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುವುದು ನನ್ನ ಪಾಲಿಗೆ ಬಂತು. ಒಂದು ಕೊಡ ತುಂಬುವುದರಲ್ಲಿ ಒಂದು ಜನ್ಮ ಕಳೆದಂತಾಗುತ್ತಿತ್ತು. ರಘುವಿಗೆ ಮಾತ್ರ ಪರಮಾನಂದ. ಟೇಪುಗಳೆಲ್ಲ ಈಗ ಬಹಳ ಸ್ವಚ್ಛವಂತೆ. 'ಹೇಗೂ ಎದ್ದಿರ್ತೀರಲ್ಲ ಭಾವ' ಎಂದು ಒಂದು ಶನಿವಾರ ಹಲ್ಲು ಕಿರಿದ. ಅಂದಿನಿಂದ ಒಂದು ಕೊಡಕ್ಕೂ ಇನ್ನೊಂದು ಕೊಡಕ್ಕೂ ನಡುವೆ ಮೆಟ್ಟಿಲು ಹತ್ತಿ, ಕ್ಯಾಸೆಟ್ಟು ತಿರುಗಿಸಿ ಹಾಕಿ ಬರತೊಡಗಿದೆ. ಹಲಸೂರಿನಲ್ಲಿ ಇನ್ನೂ ಹುಟ್ಟಿಲ್ಲ ಎಂದಿದ್ದೆನಲ್ಲ, ಆ ಮುಠ್ಠಾಳನಿಗೆ ಆಗಲೇ ನಲವತ್ತು ದಾಟಿತ್ತು.