ಮಾವನ ವೈರಿ ‘ಇತರೆ’

ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೆ ಒಬ್ಬನೇ ವೈರಿ. ಅವನ ಹೆಸರು ‘ಇತರೆ’.

ಯಾದಗಿರಿಯ ಒಂದು ಕಚೇರಿಯಲ್ಲಿ ಮಾವ ದಾಖಲೆ ಕೋಣೆಯ ಗುಮಾಸ್ತರು. ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಹುಕುಂ ಬಂದಾಗ, ಯಾವುದು ಯಾವ ತಲೆಬರಹಕ್ಕೆ ಹೋಗಬೇಕೆಂಬ ಪಟ್ಟಿಯ ಕೆಲಸ ಇವರ ಕೊರಳಿಗೆ ಬಿತ್ತು. ಬಿತ್ತು ಎನ್ನುವುದು ತಪ್ಪು, ಇವರೇ ಕೊರಳು ಒಡ್ಡಿದರು. ಜಮೀನು, ನೀರು, ರಸ್ತೆ. ಅವುಗಳ ಕೆಳಗೆ ಊರು, ಊರಿನ ಕೆಳಗೆ ವರ್ಷ. ನಮ್ಮ ಮನೆಯ ಗೋಡೆಗೆ ಅಂಟಿಸಿದ ಆ ಪಟ್ಟಿ ಅಡುಗೆಮನೆಯ ಬಾಗಿಲು ದಾಟಿತು. ಸಾಹೇಬರು ಪಟ್ಟಿ ನೋಡಿ ಕೇಳಿದರಂತೆ: “ಎಲ್ಲಾ ಅದ, ‘ಇತರೆ’ ಎಲ್ಲದ?”

“ತೆಗದೀನ್ರಿ. ಅದರಾಗ ಹೋದ ಅರ್ಜಿ ತಿರುಗಿ ಬಂದದ್ದು ನಾ ನೋಡಿಲ್ಲ.”

ಪರೀಕ್ಷೆ ಬೇಗನೇ ಬಂತು. ಹತ್ತಿಕುಣಿಯ ಒಬ್ಬ ಮುದುಕ ಅರ್ಧ ಅರ್ಜಿ ತಂದ. ಉಳಿದರ್ಧ ಅವನ ಆಡು ತಿಂದಿತ್ತು. ವಿಷಯ, ದಿನಾಂಕ ಎರಡೂ ಆಡಿನ ಹೊಟ್ಟೆಯಲ್ಲಿ! ಮಾವ ಮುದುಕನನ್ನು ಕೂರಿಸಿ, ಕೇಳಿ ಬರೆದುಕೊಂಡು, ಹರಿದ ಚೂರಿಗೆ ಹೊಸ ತಲೆಬರಹವನ್ನೇ ತೆರೆದರು: ‘ಆಡು ತಿಂದವು’. ಕಚೇರಿಯೆಲ್ಲ ನಕ್ಕಿತು. ತಿಂಗಳೊಳಗೆ ಕಡೇಚೂರು ಎಂಬ ಊರಿನಿಂದ ಎರಡನೆಯದು ಬಂತು.

ಮನೆಯಲ್ಲೂ ಇದೇ ಕಾಟ. ಗುಂಡಿ, ಸೂಜಿ, ಹಳೆ ಕೀಲಿ ಒಂದೇ ಡಬ್ಬಿಯಲ್ಲಿ ಇರುವಂತಿಲ್ಲ. ಅತ್ತೆ ಒಮ್ಮೆ ರೋಸಿ ಕೇಳಿದಳು: “ನಾ ಯಾವ ಕಡತದಾಗ ಬರ್ತೀನ್ರಿ?”

“ನೀ ಶಾಶ್ವತ ಕಡತ. ಉಳಿದವನ್ನ ಹತ್ತು ವರ್ಷಕ್ಕ ವಿಲೇವಾರಿ ಮಾಡ್ತೀವಿ, ಇದಕ್ಕ ಆ ಸವಲತ್ತಿಲ್ಲ.”

ಇದು ಹೊಗಳಿಕೆಯೋ ಬೈಗುಳವೋ ಅತ್ತೆಗೆ ಇನ್ನೂ ತಿಳಿದಿಲ್ಲ.

ಹೋದ ತಿಂಗಳು ರೇಷನ್ ಕಾರ್ಡಿಗೆ ನನ್ನ ಹೆಸರು ಸೇರಿಸಲು ಹೋದೆವು. ಅಪ್ಪ ಅವ್ವ ತೀರಿದ ಮೇಲೆ ಮಾವನ ಮನೆಯಲ್ಲೇ ಬೆಳೆದವಳು ನಾನು. ಆದರೆ ಯಾವ ಕಾಗದದಲ್ಲೂ ಆ ಮನೆಯವಳಲ್ಲ. ಆ ನೋವು ಯಾರಿಗೂ ಹೇಳಿರಲಿಲ್ಲ. ಕಂಪ್ಯೂಟರ್ ಮುಂದೆ ಕುಳಿತವನು ಕೇಳಿದ: “ನೀವು ಯಜಮಾನರಿಗೆ ಏನಾಗ್ಬೇಕ್ರಿ?”

“ಅಕ್ಕನ ಮಗಳು,” ಎಂದೆ.

“ಅದು ಇದರಾಗಿಲ್ಲ. ಹೆಂಡತಿ, ಮಗ, ಮಗಳು, ಇತರೆ. ಇತರೆ ಹಾಕ್ಲೇನ್ರಿ?”

ನಾನು ಹೂಂ ಎನ್ನುವಷ್ಟರಲ್ಲಿ ಮಾವ ಎದ್ದು ನಿಂತಿದ್ದರು.

“ಮಗಳು ಅಂತ ಹಾಕು.”

“ದಾಖಲಿ ಪ್ರಕಾರ ತಪ್ಪಾಗ್ತದ್ರಿ.”

“ದಾಖಲಿನೇ ತಪ್ಪದ. ತಿದ್ದು.”

ಜೀವಮಾನದಲ್ಲಿ ಒಂದು ಚೀಟಿಯನ್ನೂ ತಪ್ಪು ತಲೆಬರಹಕ್ಕೆ ಹಾಕದ ಮನುಷ್ಯ! ನನಗೆ ಅಲ್ಲೇ ಅಳು ಬಂತು. ಮನೆಗೆ ಬಂದು ಅರ್ಜಿಯ ರಸೀದಿ ಇಡಲು ಮಾವನ ಕಪಾಟು ತೆರೆದೆ. ಒಂದನೇ ತರಗತಿಯಿಂದ ಹಿಡಿದು ನನ್ನ ಅಂಕಪಟ್ಟಿಗಳೆಲ್ಲ ಅಲ್ಲಿ, ಅತ್ತೆಯ ಕಾಗದಗಳ ಪಕ್ಕದಲ್ಲೇ, ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದವು. ಕಟ್ಟಿನ ಮೇಲೆ, ಮಾಸಿಹೋದ ಶಾಯಿಯಲ್ಲಿ, ಮಾವನ ಅಕ್ಷರ: ‘ಶಾಶ್ವತ’.