ಹಿಂಗಾಲಿನ ಮಹಾರಾಜ

ಗಿಸ್ಬರ್ಟ್ ಸುಳ್ಳು ಹೇಳುವ ಮನುಷ್ಯನಲ್ಲ. ಹೇಳಲು ಬರುವುದೂ ಇಲ್ಲ. ಆದರೆ ಪಕ್ಕದೂರು ವೆರ್ಲೋದಲ್ಲಿ ಉಣ್ಣೆದಾರದ ಅಂಗಡಿ ಇಟ್ಟಿರುವ ಅಲ್ಮುಟ್ ಅವರ ನೆಲಮಾಳಿಗೆಯಲ್ಲಿ, ನೀರಿನ ಮೀಟರಿನ ಮುಂದೆ ಮಂಡಿಯೂರಿ ಕೂತಿದ್ದಾಗ, ಒಂದೇ ಒಂದು ಸುಳ್ಳು ಅವನ ಬಾಯಿಂದ ಜಾರಿಬಿಟ್ಟಿತು.

ತಪ್ಪು ಅವನೊಬ್ಬನದೇ ಅಲ್ಲ. ನೀರು ಸರಬರಾಜು ಕಚೇರಿಯವರು ಮನೆಗೆ ಬಂದರೆ ನಮ್ಮ ಕಡೆ ಜನ ನೆಲಮಾಳಿಗೆಯ ಬಾಗಿಲು ತೋರಿಸಿ ಹೋಗುತ್ತಾರೆ, ಅಷ್ಟೆ. ಈಕೆ ಕಾಫಿ ಮಾಡಿಕೊಂಡು ಮೆಟ್ಟಿಲಿಳಿದು ಬಂದಿದ್ದಳು. ಗಂಡ ತೀರಿಕೊಂಡು ಒಂಟಿಯಾಗಿದ್ದರೂ ಮುಖದಲ್ಲಿ ನಗು ಉಳಿಸಿಕೊಂಡವಳು. "ನಿಮ್ಮ ಧ್ವನಿ ಎಷ್ಟು ಚೆನ್ನಾಗಿದೆ ಕಣ್ರೀ, ನಾಟಕದಲ್ಲಿ ಪಾರ್ಟು ಮಾಡ್ತೀರಾ?" ಎಂದು ಕೇಳಿದಳು.

"ಮಾಡ್ತೀನಿ. ಓಸ್ಟರ್‌ಬ್ರೋಕ್ ಬಯಲು ರಂಗಮಂದಿರದಲ್ಲಿ," ಎಂದ ಗಿಸ್ಬರ್ಟ್. ಇಲ್ಲಿಯವರೆಗೆ ಸತ್ಯವೇ.

"ಹೌದಾ! ಏನು ಪಾರ್ಟು?"

"ರಾಜ," ಅಂದುಬಿಟ್ಟ.

ಅಸಲು ಸಂಗತಿ ಏನೆಂದರೆ, ನಮ್ಮೂರ ಹಳೆಯ ಕಲ್ಲುಗಣಿಯಲ್ಲಿ ಪ್ರತಿ ಬೇಸಿಗೆ ನಡೆಯುವ ಮಕ್ಕಳ ಸಂಗೀತ ನಾಟಕದಲ್ಲಿ ಊರಿನ ಅರ್ಧ ಜನ ಬಣ್ಣ ಹಚ್ಚುತ್ತಾರೆ, ಉಳಿದರ್ಧ ಸಾಸೇಜು ಮಾರುತ್ತಾರೆ. ಅದರಲ್ಲಿ ಗಿಸ್ಬರ್ಟ್ ಹನ್ನೆರಡು ವರ್ಷದಿಂದ, ಇಬ್ಬರು ಒಳಹೊಕ್ಕು ನಡೆಸುವ ಪ್ರಾಣಿವೇಷದ ಹಿಂಗಾಲು. ಕುದುರೆಯಿದ್ದ ವರ್ಷ ಕುದುರೆಯ ಹಿಂಗಾಲು, ಒಂಟೆಯಿದ್ದ ವರ್ಷ ಒಂಟೆಯ ಹಿಂಗಾಲು. ಈ ವರ್ಷ "ನಿದ್ದೆಗೆಟ್ಟ ರಾಜ" ಎಂಬ ಹೊಸ ನಾಟಕ, ಅದರಲ್ಲಿ ಡ್ರ್ಯಾಗನ್. ಗಿಸ್ಬರ್ಟ್ ಅದರ ಹಿಂಗಾಲು ಮತ್ತು ಬಾಲ.

ಭಾನುವಾರ ಬೆಳಿಗ್ಗೆ ಫೋನು ಬಂತು.

"ಇವತ್ತು ನಿಮ್ಮ ನಾಟಕಕ್ಕೆ ಬರ್ತಿದ್ದೀನಿ. ಮುಂದಿನ ಸಾಲಲ್ಲೇ ಸೀಟು ಸಿಕ್ತು ನೋಡಿ. ಆಮೇಲೆ ಒಟ್ಟಿಗೆ ಕಾಫಿ ಕುಡಿಯೋಣ್ವಾ?"

"ಅಲ್ಮುಟ್ ಅವರೇ, ಒಂದು ವಿಷ್ಯ ಹೇಳ್ಬೇಕಿತ್ತು..."

"ಎಲ್ಲಾ ಆಮೇಲೆ, ಎದುರೆದುರೇ ಹೇಳಿ," ಎಂದು ನಕ್ಕು ಫೋನು ಇಟ್ಟುಬಿಟ್ಟಳು.

ಐವತ್ತೊಂದನೇ ವಯಸ್ಸಿನಲ್ಲಿ ಗಿಸ್ಬರ್ಟ್ ಒಂದು ದೊಡ್ಡ ನಿರ್ಧಾರ ಮಾಡಿಕೊಂಡಿದ್ದ. ಮೀಟರು ನೋಡುವ ನೆಪವಿಲ್ಲದೆ ಭಾನುವಾರಗಳಂದು ಮನೆಗೆ ಬರಬಹುದೇ ಎಂದು ಅವಳನ್ನು ಕೇಳಬೇಕು. ಕೇಳಿ ಒಪ್ಪಿಗೆ ಪಡೆಯಲು ಇದಕ್ಕಿಂತ ಒಳ್ಳೆಯ ದಿನವಿಲ್ಲ, ಸುಳ್ಳುಬುರುಕ ಎಂದು ಸಿಕ್ಕಿಬೀಳಲು ಇದಕ್ಕಿಂತ ಕೆಟ್ಟ ದಿನವೂ ಇಲ್ಲ.

ದಿಕ್ಕು ತೋಚದೆ ಪಕ್ಕದ ಮನೆಯ ವೀಬ್ಕೆಯ ಬಾಗಿಲು ಬಡಿದ. ವೀಬ್ಕೆ ಡ್ರ್ಯಾಗನ್ನಿನ ಮುಂಗಾಲು. ಊರಿಗೆ ಅಂಚೆ ಹಂಚುವವಳೂ ಅವಳೇ. ಹಂಚುವುದು ಅವಳಿಗೆ ರಕ್ತಗತ. ಅರ್ಧ ಗಂಟೆಯೊಳಗೆ ಗಿಸ್ಬರ್ಟನ ಸುಳ್ಳು ಊರಿಗೆಲ್ಲ ಟಾಂ ಟಾಂ ಆಗಿ, ಬೇಕರಿಯವನು ಬ್ರೆಡ್ಡಿನ ಜೊತೆ ಬುದ್ಧಿವಾದವನ್ನೂ ಕಟ್ಟಿಕೊಟ್ಟ: "ಜ್ವರ ಅಂತ ಮಲಗಿಬಿಡು ಮಾರಾಯ."

"ಮಲಗೋದೇನೂ ಬೇಡ," ಎಂದಳು ವೀಬ್ಕೆ. "ಲುಡ್ಗರ್ ಇದ್ದಾನಲ್ಲ."

ಲುಡ್ಗರ್ ಮಾಂಸದಂಗಡಿಯ ಮಾಲೀಕ, ನಾಟಕದ ನಿಜವಾದ ರಾಜ. ಬೀರಿನ ಪೀಪಾಯಿಯಂಥ ಮೈ, ಒಂಟಿ ಜೀವ, ಒಳ್ಳೆಯ ಮನಸ್ಸು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪಾಪ, ಹೆಣ್ಣು ಕೇಳೋಕೆ ಹೊರಟವನಿಗೆ ಒಂದಿನ ಕಿರೀಟ ಕೊಡೋದಿಕ್ಕಾಗಲ್ವಾ? ನೀನು ರಾಜ ಆಗು, ನಾನು ಒಳಗೆ ಬಗ್ಗಿ ಕೂತ್ಕೋತೀನಿ. ಹಿಂಗಾಲಿಗೆ ಏನು ಮಹಾ ಕೆಲಸ?"

ಕೊನೆಯ ಮಾತು ಗಿಸ್ಬರ್ಟನಿಗೆ ಚುರುಕ್ಕೆಂದಿತು. ಆದರೆ ಬೇಡುವವನಿಗೆ ರೋಷ ಎಲ್ಲಿಯದು?

"ಟೀಚರಿಗೆ ಗೊತ್ತಾದ್ರೆ?" ಎಂದ.

ಟೀಚರ್ ಎಂದರೆ ನಿರ್ದೇಶಕಿ ರೋಸ್ವಿಟಾ. ಶಾಲೆಯಿಂದ ನಿವೃತ್ತಿಯಾದರೂ ಊರಿನ ಮೇಲಿನ ಅಧಿಕಾರದಿಂದ ನಿವೃತ್ತಿಯಾಗಿಲ್ಲ. ಹೋದ ವರ್ಷ ಇಬ್ಬರು ಕಾವಲುಭಟರು ತಮ್ಮತಮ್ಮಲ್ಲೇ ಪಾರ್ಟು ಬದಲಾಯಿಸಿಕೊಂಡಿದ್ದರು. ಈಗ ಇಬ್ಬರೂ ಮೈದಾನದಲ್ಲಿ ನಿಂತು ಕಾರುಗಳಿಗೆ ಜಾಗ ತೋರಿಸುತ್ತಿದ್ದಾರೆ.

"ರಾಜನಿಗೆ ಮೂಗಿನವರೆಗೂ ಗಡ್ಡ ಇದೆ," ಎಂದು ವೀಬ್ಕೆ ತೀರ್ಪು ಕೊಟ್ಟಳು. "ಹಾಡೆಲ್ಲ ರೆಕಾರ್ಡು ಮಾಡಿರೋದು. ನೀನು ಬಾಯಿ ಆಡಿಸು ಸಾಕು. ಮಾತು ಬಂದಾಗ ಗಂಟಲು ಕೆಟ್ಟಿದೆ ಅನ್ನೋ ಥರ ಮಾತಾಡು. ಲುಡ್ಗರ್‌ಗೆ ಶೀತ ಅಂತ ಈಗಲೇ ಸುದ್ದಿ ಬಿಡ್ತೀನಿ. ಹೊಟ್ಟೆಗೆ ಒಂದು ದಿಂಬು ಕಟ್ಕೋ."

ಬಣ್ಣದ ಕೋಣೆಯಲ್ಲಿ ಗಿಸ್ಬರ್ಟ್ ಹಂಸಗರಿಯ ದಿಂಬು ಕಟ್ಟಿಕೊಂಡು, ಗಡ್ಡ ಅಂಟಿಸಿ, ಕಿರೀಟ ಇಟ್ಟು ಎದ್ದು ನಿಂತನೋ ಇಲ್ಲವೋ, ಬಾಗಿಲಲ್ಲಿ ಟೀಚರ್ ಪ್ರತ್ಯಕ್ಷ. ಆಕೆ ನೆಟ್ಟಗೆ ಹತ್ತಿರ ಬಂದು, ಕನ್ನಡಕದ ಮೇಲಿಂದ ನೋಡಿ, ಅವನ ಎಡಭುಜದ ಮೇಲೆ "ತೊಯ್ ತೊಯ್ ತೊಯ್" ಎಂದು ಮೂರು ಸಲ ಉಗುಳಿದಂತೆ ಮಾಡಿದಳು. ರಂಗಕ್ಕೆ ಹೋಗುವ ಮುನ್ನ ಹಾಗೆ ಹರಸುವುದು ನಮ್ಮಲ್ಲಿ ಪದ್ಧತಿ. ಹರಸಿದವರಿಗೆ ಮಾತ್ರ ಯಾವ ಕಾರಣಕ್ಕೂ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ನಾಟಕ ಕೆಡುತ್ತದೆ. ಆ ಪುಣ್ಯಾತ್ಮ ಪದ್ಧತಿಯಿಂದ ಗಿಸ್ಬರ್ಟ್ ಬಚಾವಾದ. ತುಟಿ ಬಿಚ್ಚದೆ ತಲೆಯಾಡಿಸಿದ.

"ಶೀತ ಅಂತೆ. ಕಷಾಯ ಕುಡಿ ಲುಡ್ಗರ್. ಒಂದೇ ದಿನಕ್ಕೆ ಇಳಿದುಹೋಗಿದ್ದೀಯ," ಎಂದು ಟೀಚರ್ ಹೊರಟಳು.

ನಾಟಕ ಶುರುವಾಯಿತು. ಜೊತೆಗೆ ಮಳೆಯೂ ಶುರುವಾಯಿತು. ನಮ್ಮಲ್ಲಿ ಪ್ರೇಕ್ಷಕರ ತಲೆಯ ಮೇಲೆ ಸೂರಿದೆ, ನಟರ ತಲೆಯ ಮೇಲೆ ಆಕಾಶ. ಗುಡುಗು ಸಿಡಿಲು ಬಂದರೆ ಮಾತ್ರ ನಿಲ್ಲಿಸುವುದು. ಬರೀ ಮಳೆಗೆಲ್ಲ ಟೀಚರ್ ಜಗ್ಗುವವಳಲ್ಲ.

ಅಲ್ಮುಟ್ ಹಸಿರು ಕೋಟು ಹಾಕಿಕೊಂಡು ಮುಂದಿನ ಸಾಲಿನ ನಡುವೆಯೇ ಕೂತಿದ್ದಳು. ಅವಳ ಮೇಲೆ ಕಣ್ಣು ಬಿದ್ದದ್ದೇ ಗಿಸ್ಬರ್ಟನಿಗೆ ಧೈರ್ಯ ಬಂತು. ಮೊದಲ ಹಾಡಿಗೆ ಬಾಯಿ ಆಡಿಸಿದ. ಲುಡ್ಗರನ ದಪ್ಪ ಕಂಠ ಕಲ್ಲುಗಣಿಯನ್ನೆಲ್ಲ ತುಂಬಿತು. ಮಾತುಗಳೂ ಸರಿಯಾಗಿ ಬಂದವು. ಎಷ್ಟು ರಿಹರ್ಸಲ್‌ಗಳಲ್ಲಿ ಹಿಂಗಾಲಾಗಿ ಬಗ್ಗಿಕೊಂಡು ಅವನ್ನೇ ಕೇಳಿದ್ದಾನೆ! ಅರ್ಧ ನಾಟಕ ಮುಗಿಯುವ ಹೊತ್ತಿಗೆ, ನಾನು ಇಷ್ಟು ವರ್ಷ ರಾಜನಾಗದೆ ಇದ್ದದ್ದೇ ಅನ್ಯಾಯ ಎಂದು ಅವನಿಗೇ ಅನಿಸತೊಡಗಿತು.

ಅಷ್ಟರಲ್ಲಿ ಹೊಟ್ಟೆ ಜಾರಿತು.

ದಿಂಬು ಮಳೆನೀರು ಕುಡಿದು ಕಲ್ಲಿನಂತಾಗಿ, ಕಟ್ಟಿದ್ದ ದಾರವನ್ನು ಎಳೆದುಕೊಂಡು ಇಳಿಯುತ್ತಿತ್ತು. ಗಿಸ್ಬರ್ಟ್ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡ. ಹಿಂದಿನ ಸಾಲಿನಲ್ಲಿ ಟೀಚರ್ ದುರ್ಬೀನು ಎತ್ತಿ ಹಿಡಿದದ್ದು ಕಾಣಿಸಿತು. ದಿಂಬು ಕೆಳಗೆ ಬಿದ್ದರೆ ಟೀಚರಿಗೆ ತಾನು ಯಾರೆಂದು ಗೊತ್ತಾಗುತ್ತದೆ, ಹನ್ನೆರಡು ವರ್ಷದ ರಂಗಭೂಮಿ ಇವತ್ತಿಗೆ ಮುಗಿಯುತ್ತದೆ. ಅಲ್ಮುಟ್ ಎದುರಿಗೇ ಮಾನ ಹರಾಜಾಗುತ್ತದೆ. ಅವನು ಮೊಣಕಾಲುಗಳನ್ನು ಕೂಡಿಸಿಕೊಂಡು ದಿಂಬನ್ನು ತೊಡೆಗಳ ನಡುವೆ ಅವುಚಿ ಅಲ್ಲೇ ನಿಂತುಬಿಟ್ಟ. ಇನ್ನು ಒಂದು ಹೆಜ್ಜೆ ಇಡುವಂತಿಲ್ಲ.

ಉಳಿದದ್ದು ಕೊನೆಯ ದೃಶ್ಯ. ಡ್ರ್ಯಾಗನ್ ಬಂದು ರಾಜನ ಹಿಂದೆ ಮೆಲ್ಲಗೆ ಸುತ್ತುವಾಗ ರಾಜ ತನ್ನ ದುಃಖವನ್ನು ಹೇಳಿಕೊಳ್ಳಬೇಕು. ಎಲ್ಲರೂ ಕಣ್ಣೀರು ಒರೆಸಿಕೊಳ್ಳುವ ಜಾಗ ಅದು.

"ಪ್ರಜೆಗಳೇ, ಏಳು ವರ್ಷದಿಂದ ನಾನು ಕಣ್ಣು ಮುಚ್ಚಿಲ್ಲ," ಎಂದು ಗಿಸ್ಬರ್ಟ್ ಶುರುಮಾಡಿದ.

ಯಾರೋ ಕಿಸಕ್ಕೆಂದರು. ಗಿಸ್ಬರ್ಟ್ ದಿಂಬು ಮುಟ್ಟಿ ನೋಡಿಕೊಂಡ. ಇದೆ.

"ನನ್ನ ಅರಮನೆಯಲ್ಲಿ ದೀಪ ಆರಿಲ್ಲ..."

ಮಕ್ಕಳೆಲ್ಲ ಗೊಳ್ಳೆಂದರು. ಗಡ್ಡ ಮುಟ್ಟಿಕೊಂಡ. ಅದೂ ಇದೆ.

"ನನ್ನ ನೋವು ಯಾರಿಗೂ ಅರ್ಥವಾಗಲಿಲ್ಲ!"

ಈಗ ದೊಡ್ಡವರೂ ಸೇರಿ ಬೆಂಚು ಬಡಿದುಕೊಂಡು ನಗುತ್ತಿದ್ದರು. ಅಲ್ಮುಟ್ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು ಮುಂದಕ್ಕೆ ಬಾಗಿದ್ದಳು. ಗಿಸ್ಬರ್ಟನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು. ಷರಾಯಿ ಹರಿದಿದೆಯೇ? ಕಿರೀಟ ಸೊಟ್ಟಗಿದೆಯೇ? ಹಿಂದಕ್ಕೆ ತಿರುಗಿ ನೋಡೋಣವೆಂದರೆ ದಿಂಬು ಬಿಡುವುದಿಲ್ಲ. ಕಣ್ಣಲ್ಲಿ ನಿಜವಾಗಿಯೇ ನೀರು ತುಂಬಿಕೊಂಡು ಉಳಿದ ಮಾತುಗಳನ್ನು ಒದರಿ ಮುಗಿಸಿದ.

ಅವನ ಬೆನ್ನ ಹಿಂದೆ ನಡೆದದ್ದು ಇದು. ಎರಡು ಸುತ್ತು ಬಗ್ಗಿ ನಡೆಯುವಷ್ಟರಲ್ಲಿ ಲುಡ್ಗರನ ಸೊಂಟ ಹಿಡಿದುಕೊಂಡಿತ್ತು. ಮುಂಗಾಲು ಎಡಕ್ಕೆ ಹೋದರೆ ಹಿಂಗಾಲು ನಿಂತಲ್ಲೇ ನಿಂತಿತು. ಆಮೇಲೆ ನೆಲವನ್ನು ಕಾಲಿನಿಂದ ತಡಕಿ, ಒಂದು ಪಂಜವನ್ನು ಸೊಂಟಕ್ಕೆ ಆನಿಸಿ, ಅತ್ತಿತ್ತ ಓಲಾಡುತ್ತ ಇಂಚಿಂಚಾಗಿ ಇಳಿದು ನೀರಿನ ಹೊಂಡದಲ್ಲಿ ಕೂತಿತು. ತಣ್ಣಗಾದದ್ದೇ ಚಂಗನೆ ಎದ್ದಿತು. ಸೊಂಟ ಹಿಡಿದು ಮತ್ತೆ ಇಳಿಯತೊಡಗಿತು. ಮುಂಗಾಲು ವೀಬ್ಕೆ ಒಳಗಿಂದ ಬೈಯುತ್ತ ಎಳೆಯುತ್ತಿದ್ದಳು.

ಆಟ ಮುಗಿದ ಮೇಲೆ ನಟರೆಲ್ಲ ವೇಷದಲ್ಲೇ ದ್ವಾರದ ಹತ್ತಿರ ನಿಂತು ಮಕ್ಕಳಿಗೆ ಸಹಿ ಹಾಕಿಕೊಡಬೇಕು. ಡ್ರ್ಯಾಗನ್ ಮಾತ್ರ ತಲೆ ತೆಗೆಯುವಂತಿಲ್ಲ, ಮಕ್ಕಳಿಗೆ ನಿರಾಸೆಯಾಗುತ್ತದೆಂದು ಟೀಚರಿನ ಆಜ್ಞೆ. ಗಿಸ್ಬರ್ಟ್ ದಿಂಬು ಅವುಚಿಕೊಂಡು ಅದರ ಪಕ್ಕ ನಿಂತಿದ್ದ. ಅಲ್ಮುಟ್ ಜನರ ನಡುವೆ ದಾರಿ ಮಾಡಿಕೊಂಡು ಅವನತ್ತಲೇ ಬರುತ್ತಿದ್ದಳು. ಅವಳಿಗಿಂತ ಮೊದಲು ಟೀಚರ್ ಬಂದುಬಿಟ್ಟಳು.

"ಲುಡ್ಗರ್, ಇವತ್ತು ನಿನಗೇನಾಗಿತ್ತೋ? ಕೊನೆಯ ದೃಶ್ಯದಲ್ಲಿ ಮರದ ಕೊರಡಿನ ಹಾಗೆ ನಿಂತಿದ್ದೆಯಲ್ಲೋ!" ಎಂದು ರಾಜನನ್ನು ಗದರಿ, ಡ್ರ್ಯಾಗನ್ನಿನ ಬೆನ್ನು ತಟ್ಟಿದಳು. "ಗಿಸ್ಬರ್ಟ್! ಹನ್ನೆರಡು ವರ್ಷದಿಂದ ನೀನು ಅದರೊಳಗೆ ಇದ್ದೀಯ ಅಂತ್ಲೇ ನನಗೆ ಮರೆತುಹೋಗಿತ್ತು ಕಣೋ. ಇವತ್ತು ನಾಟಕ ಗೆಲ್ಲಿಸಿದೆ. ಮುಂದಿನ ಭಾನುವಾರಾನೂ ಹಿಂಗೇ ಮಾಡ್ಬೇಕು!"

ಹಿಂಗಾಲು ಉಸಿರೆತ್ತಲಿಲ್ಲ. ಗಿಸ್ಬರ್ಟನೂ ಎತ್ತಲಿಲ್ಲ. ಎತ್ತಿದರೆ ಮುಂದಿನ ಭಾನುವಾರದಿಂದ ಇಬ್ಬರೂ ಮೈದಾನದಲ್ಲಿ ಕಾರುಗಳಿಗೆ ಜಾಗ ತೋರಿಸಬೇಕು.

ಅಲ್ಮುಟ್ ಬೆರಗಾಗಿ ನಿಂತಳು. ರಾಜನನ್ನೊಮ್ಮೆ, ಬಾಲವನ್ನೊಮ್ಮೆ ನೋಡಿದಳು. ಆಮೇಲೆ ನಗುತ್ತ ಬಾಲದ ಹತ್ತಿರ ಬಗ್ಗಿ, ಮೆಲುದನಿಯಲ್ಲಿ, "ರಾಜ ಅಂತ ಯಾಕ್ರೀ ಸುಳ್ಳು ಹೇಳಿದ್ರಿ? ಯಜಮಾನ್ರು ಹೋದ್ಮೇಲೆ ನಾನು ಇಷ್ಟು ನಕ್ಕಿದ್ದು ಇವತ್ತೇ. ವೇಷ ತೆಗೆದು ಬನ್ನಿ, ಕಾಫಿ ತಗೊಂಡು ಮರದ ಕೆಳಗೆ ಕಾಯ್ತಿರ್ತೀನಿ," ಎಂದಳು.

ಪಕ್ಕದಲ್ಲೇ ನಿಂತಿದ್ದ ಗಿಸ್ಬರ್ಟನ ಎದೆಯಿಂದ ಬಂಡೆ ಇಳಿದಂತಾಯಿತು. ಸುಳ್ಳು ಗೊತ್ತಾಗಿದೆ, ಕ್ಷಮೆ ಸಿಕ್ಕಿದೆ, ಹಿಂಗಾಲೇ ಅವಳಿಗೆ ಇಷ್ಟವಾಗಿದೆ! ಅದು ತಾನಾಗಿರಲಿಲ್ಲ ಎಂಬುದೊಂದನ್ನು ನುಂಗಿಕೊಂಡರಾಯಿತು. ಉಳಿದಂತೆ ಹನ್ನೆರಡು ವರ್ಷ ಹಿಂಗಾಲಾಗಿದ್ದದ್ದು ತಾನೇ ಅಲ್ಲವೇ?

ಬಟ್ಟೆ ಬದಲಾಯಿಸಿ, ಕೂದಲು ಬಾಚಿ, ಓಡೋಡಿ ಬಂದ. ಮಳೆ ನಿಂತಿತ್ತು. ಅಲ್ಮುಟ್ ಅವನಿಗೊಂದು ಕಾಫಿ, ಪ್ಲಮ್ ಕೇಕು ಮುಂದಿಟ್ಟು ಮುಖ ನೋಡುತ್ತ ಕೂತಳು. ಗಿಸ್ಬರ್ಟ್ ಗಂಟಲು ಸರಿಮಾಡಿಕೊಂಡ.

"ಅಲ್ಮುಟ್ ಅವರೇ, ಭಾನುವಾರಗಳಲ್ಲಿ ನಾನು..."

"ಮೊದಲು ಅದನ್ನ ತೋರಿಸ್ರೀ!"

"ಯಾವುದನ್ನ?"

"ಆ ಕೂತ್ಕೊಳ್ಳೋದು! ಒಂದೇ ಒಂದ್ಸಲ. ನನಗೋಸ್ಕರ."

ಬೇಡವೆಂದರೆ ಅನುಮಾನ. ಹಿಂಗಾಲು ಕೂತದ್ದನ್ನು ಅವನು ನೋಡಿರಲಿಲ್ಲ, ಬಣ್ಣದ ಕೋಣೆಯಲ್ಲಿ ವೀಬ್ಕೆ ಬೈಯುತ್ತ ಹೇಳಿದ್ದನ್ನು ಕೇಳಿದ್ದನಷ್ಟೆ. ಗಿಸ್ಬರ್ಟ್ ಎದ್ದು, ಸುತ್ತ ನೋಡಿ, ಬಗ್ಗಿದ. ಒಂದು ಕೈ ಸೊಂಟಕ್ಕಿಟ್ಟು, ನೇರವಾಗಿ, ನಯವಾಗಿ, ಹನ್ನೆರಡು ವರ್ಷದ ಅಭ್ಯಾಸದಿಂದ ಒಂದಿಷ್ಟೂ ಅಲುಗಾಡದೆ ಕೂತ. ಇಷ್ಟು ಅಚ್ಚುಕಟ್ಟಾಗಿ ಯಾವ ಪ್ರಾಣಿಯೂ ಕೂತಿರಲಾರದು. ಅಲ್ಮುಟ್ ನಗಲು ತುಟಿ ತೆರೆದಿದ್ದವಳು ಹಾಗೇ ಕಾದಳು.

"ಇದಲ್ಲ," ಎಂದಳು. "ಇನ್ನೊಂದ್ಸಲ."

ಇನ್ನೊಂದು ಸಲ ಕೂತ. ಬೇಕೆಂದೇ ಓಲಾಡಿದ. ಪಕ್ಕದ ಮೇಜಿನ ಮಗುವೊಂದು ಅವನನ್ನು ನೋಡಿ ಅಮ್ಮನ ಮಡಿಲಿಗೆ ಸರಿಯಿತು. ಅಲ್ಮುಟ್ ಹುಬ್ಬು ಗಂಟಿಕ್ಕಿದಳು.

ಅದೇ ಹೊತ್ತಿಗೆ ಎದುರಿನ ಬೆಂಚಿಗೆ ಲುಡ್ಗರ್ ಬಂದ. ಕೈಯಲ್ಲಿ ಸಾಸೇಜಿನ ತಟ್ಟೆ. ಪಾಪ, ಅವನು ಯಾರನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಬೆಂಚನ್ನು ಕಾಲಿನಿಂದ ತಡಕಿ, ಒಂದು ಕೈ ಸೊಂಟಕ್ಕೆ ಆನಿಸಿ, "ಅಯ್ಯಯ್ಯಪ್ಪೋ" ಎನ್ನುತ್ತ ಅತ್ತಿತ್ತ ಓಲಾಡಿ ಇಂಚಿಂಚಾಗಿ ಇಳಿದ. ಬೆಂಚು ಮಳೆಯಲ್ಲಿ ನೆಂದಿತ್ತು. ಚಂಗನೆ ಎದ್ದ.

ಅಲ್ಮುಟ್ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುತ್ತಲೇ ಲುಡ್ಗರನನ್ನು ನೋಡಿದಳು, ಆಮೇಲೆ ಗಿಸ್ಬರ್ಟನನ್ನು ನೋಡಿದಳು, ನಗು ನಿಂತಿತು.

"ನಾನೇ ಕಣ್ರೀ ಹಿಂಗಾಲು!" ಎಂದು ಗಿಸ್ಬರ್ಟ್ ಗೋಗರೆದ. "ದೇವರಾಣೆ! ಹನ್ನೆರಡು ವರ್ಷದಿಂದ ನಾನೇ!"

"ಮೊದಲು ರಾಜ ಅಂದ್ರಿ, ಈಗ ಹಿಂಗಾಲು ಅಂತೀರಿ, ಆ ಬೆನ್ನು ತಟ್ಟಿದವರನ್ನೂ ಹಾಗೇ ನಂಬಿಸಿದ್ದೀರಿ," ಎಂದಳು ಅಲ್ಮುಟ್, ಕೋಪವೇನೂ ಇಲ್ಲದೆ. "ಇನ್ನೊಬ್ಬರು ಮಾಡಿದ್ದನ್ನ ನಂದು ಅನ್ನೋದು ನಿಮಗೆ ಚಾಳಿ ಇರಬೇಕು."

ಅವಳು ತನ್ನ ಕಾಫಿಯನ್ನೂ, ಅವನಿಗೆಂದು ತಂದ ಪ್ಲಮ್ ಕೇಕನ್ನೂ ಎತ್ತಿಕೊಂಡು ಎದುರಿನ ಬೆಂಚಿಗೆ ಹೋದಳು. ಕರ್ಚೀಫಿನಿಂದ ಲುಡ್ಗರನ ಜಾಗವನ್ನು ಒರೆಸಿಕೊಟ್ಟು, "ಈಗ ಕೂತ್ಕೊಳ್ಳಿ. ನಿಧಾನ," ಎಂದಳು.